ಸೂರಿನ ಕಡಲಲ್ಲಿ ಮಂಡ್ಯದ ‘ಲಾ’

ದೋಣಿ ಸ್ಪರ್ಧೆಯಲ್ಲಿ ಹುಟ್ಟು ಹಾಕದೆ, ಹಿಂದೆ ಕೂತು ಬರೀ ಕೂಗುವವನೊಬ್ಬ ಇರುತ್ತಾನೆ. ಅರಬ್ಬಿ ನಾಡಿನ ಸೂರ್ ಪಟ್ಟಣದ ನಮ್ಮ ಕಾಲೇಜಿನ ತಂಡದಲ್ಲಿ ಆ ಕೆಲಸದವನಿಗೆ ಸ್ಪರ್ಧೆಯ ದಿನವೇ ಜ್ವರ. ತೂಕ ಕಮ್ಮಿ, ಗಂಟಲು ಜೋರು ಅಂತ ಕೋಚ್ ಸಾಲಿಂ ಗಣಿತದ ಮೇಷ್ಟ್ರಾದ ನನ್ನನ್ನೇ ದೋಣಿಗೆ ತಳ್ಳಿದ. ನಾನೋ ಮಂಡ್ಯದವನು, ನಾಲೆ ಬಿಟ್ಟರೆ ಬೇರೆ ನೀರಿಗಿಳಿದವನಲ್ಲ.

ಅರ್ಧ ದಾರಿವರೆಗೂ ಅಲ್ಲಿಯವರ ಹಾಗೆ "ಯಲ್ಲಾ, ಯಲ್ಲಾ", ಅಂದರೆ ನಡೀರಿ ನಡೀರಿ, ಅಂತಲೇ ಹುರಿದುಂಬಿಸಿದೆ. ನಾವೇ ಮುಂದಿದ್ದೆವು. ಗೆಲುವಿನ ಗೆರೆ ಕಂಡಿದ್ದೇ ತಡ, ಮೈಮೇಲೆ ಊರು ಬಂತು. "ಎಳೀರ್ಲಾ! ಬಿಡಬ್ಯಾಡ್ರಲಾ! ಇನ್ನೊಂಚೂರು ಕಣ್ರಲಾ!" ಎಂದು ಕಿರುಚಿದೆ.

ಹುಡುಗರು ಹುಟ್ಟು ಮೇಲೆತ್ತಿ ಸುಮ್ಮನೆ ಕೂತುಬಿಟ್ಟರು. ಪಕ್ಕದ ದೋಣಿ ಸುಯ್ಯನೆ ಹೋಯಿತು.

"ಗೆಲ್ಲೋ ಹೊತ್ತಿಗೆ ಯಾಕೆ ಉಸ್ತಾದ್, ಬೇಡ ಬೇಡ ಅಂದ್ರಿ?" ತಂಡದ ನಾಯಕ ಹಮೂದ್ ಅಳುವುದೊಂದು ಬಾಕಿ. ಅರಬ್ಬಿಯಲ್ಲಿ ‘ಲಾ’ ಅಂದರೆ ಇಲ್ಲ, ಬೇಡ. ನಮ್ಮೂರಲ್ಲಿ ಹಾಗಲ್ಲಪ್ಪ, ಅದು ಸಲಿಗೆಯ ಮಾತು, ಪ್ರೀತಿಗೆ ಅನ್ನುವುದು ಎಂದು ಬಿಡಿಸಿ ಹೇಳಿದೆ.

ಮಾರನೆಯ ದಿನ ಕ್ಲಾಸಿನಲ್ಲಿ ಕೇಳಿದೆ: "ಹಮೂದ್, ಅಸೈನ್‌ಮೆಂಟ್ ಮಾಡಿದ್ದೀಯಾ?"

"ಲಾ."

ಗುರಾಯಿಸಿದೆ. ಅವನು ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದ: "ನಿಮ್ಮೂರಿನ ಲಾ, ಉಸ್ತಾದ್."