ಅಕ್ಕನ ಇಪ್ಪತ್ನಾಲ್ಕು ಅಕ್ಷರ

ರಕ್ತ ಪರೀಕ್ಷೆಯ ಆ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ಹತ್ತು ವರ್ಷ ಹಿರಿಯನಾದ ಡ್ರೈವರ್ ಕೂಡ. ಲ್ಯಾಬು ಹೊಳೆಯ ಈಚೆ, ಅದೇ ಸಂಸ್ಥೆಯ ಆಸ್ಪತ್ರೆ ಆಚೆ. ವರದಿಗಳು ಇಂಟರ್ನೆಟ್ಟಿನಲ್ಲೇ ಆಚೆ ಹೋಗಬೇಕು. ದಾರಿಯಲ್ಲಿ ಯಾರೂ ಇಣುಕದಂತೆ ಅವನ್ನು ಗೂಢಲಿಪಿಗೆ ತಿರುಗಿಸಿ ಕಳಿಸುವ ಸಾಫ್ಟ್‌ವೇರ್ ಹಾಕುವ ಕೆಲಸ ಅಕ್ಕನ ತಲೆಗೆ ಬಿತ್ತು.

ಹೊಸ ಯಂತ್ರ ಕೊಡಲಿಲ್ಲ. ಮೂಲೆಗೆ ಬಿದ್ದಿದ್ದ ಎರಡು ಹಳೆ ಕಂಪ್ಯೂಟರುಗಳಿಗೆ ಅವಳು ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿ, ಒಂದನ್ನು ಆಸ್ಪತ್ರೆಯಲ್ಲಿಟ್ಟು, ಇನ್ನೊಂದರ ಮುಂದೆ ಲ್ಯಾಬಿನ ಕಿಟಕಿಯಿಲ್ಲದ ಇಕ್ಕಟ್ಟು ಕೋಣೆಯಲ್ಲಿ ಕೂತಳು. ಎರಡಕ್ಕೂ ಗೂಢಲಿಪಿಯ ಕೀಲಿ ಮಾಡಿ, ಸೆಟ್ಟಿಂಗಿನ ಫೈಲನ್ನು ಸಾಲು ಸಾಲಾಗಿ ತಿದ್ದಿದರೂ ಒಂದನ್ನೊಂದು ಗುರುತಿಸಲೊಲ್ಲವು. ಮೂರನೆಯ ದಿನ ಗುಟ್ಟು ಸಿಕ್ಕಿತು. ಆಚೆ ಯಂತ್ರದ ಗಡಿಯಾರ ಒಂದು ವರ್ಷ ಹಿಂದಿತ್ತು; ಮೊನ್ನೆ ಮಾಡಿದ ಕೀಲಿ ಅದರ ಪಾಲಿಗೆ ಇನ್ನೂ ಹುಟ್ಟಿಯೇ ಇರಲಿಲ್ಲ.

ಆ ಮೂರು ದಿನವೂ ಸಂಸ್ಥೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಗಂಟೆಗೊಮ್ಮೆ ಬಾಗಿಲಲ್ಲಿ ನಿಲ್ಲುತ್ತಿದ್ದರು.

“ಒಂದು ಬಟನ್ ಒತ್ತೋಕೆ ಮೂರು ದಿನ ಬೇಕೇನಮ್ಮ?”

“ಬಟನ್ ಅಲ್ಲ ಸರ್, ಇದು...”

“ಸರಿ ಸರಿ. ಪಾಸ್‌ವರ್ಡ್ ಮಾತ್ರ ನಿಮ್ಮೊಬ್ಬರಿಗೇ ಗೊತ್ತಿರ್ಲಿ. ಏನಾದ್ರೂ ಸೋರಿದ್ರೆ ನಿಮ್ಮನ್ನೇ ಕೇಳ್ತೀನಿ.”

ಅವರು ಅತ್ತ ಹೋದರು. ಇತ್ತ ಪರದೆ ಕೀಲಿಗೊಂದು ಪಾಸ್‌ವರ್ಡ್ ಕೇಳಿತು. ಮೈ ಉರಿಯುತ್ತಿದ್ದ ಅಕ್ಕ ಇಂಗ್ಲಿಷ್ ಅಕ್ಷರಗಳಲ್ಲೇ ನಮ್ಮ ಮಾತು ಕುಟ್ಟಿದಳು: ದೊಡ್ಡ ಡಾಕ್ಟರಿಗೆ ಬುದ್ಧಿ ಇಲ್ಲ. ಜಾಗ ಬಿಡದೆ ಇಪ್ಪತ್ನಾಲ್ಕು ಅಕ್ಷರ.

ಅಂದಿನಿಂದ ವರದಿಗಳು ಹೊಳೆ ದಾಟಿದವು, ಅಕ್ಕ ಮಾತ್ರ ಸಿಕ್ಕಿಬಿದ್ದಳು. ಕರೆಂಟು ಹೋಗಿ ಯಂತ್ರ ಮತ್ತೆ ಶುರುವಾದಾಗಲೆಲ್ಲ ಅದರ ಮುಂದೆ ಕೂತು ಪಾಸ್‌ವರ್ಡ್ ಹೊಡೆಯಬೇಕು. ಹಲ್ಲಿನ ಡಾಕ್ಟರ ಕುರ್ಚಿಯಿಂದ ಅರ್ಧ ಮುಖ ಮರಗಟ್ಟಿದ ಹಾಗೇ ಓಡಿ ಬಂದಳು. ನಾದಿನಿಯ ಮನೆಯಲ್ಲಿ ತಟ್ಟೆ ಮುಂದಿಂದ ಎದ್ದು ಬಂದಳು. ಆರು ವರ್ಷ ಊರಿಂದ ಒಂದು ಗಂಟೆಗಿಂತ ದೂರ ಹೋಗಲಿಲ್ಲ.

“ನಿನ್ನ ಕಟ್ಕೊಂಡಿದ್ದು ನಾನೋ, ಆ ಡಬ್ಬಾನೋ?” ಎಂದು ಗಂಡ ಮೊದಮೊದಲು ನಗುತ್ತಿದ್ದ. ಆಮೇಲೆ ನಗದೆ ಕೇಳತೊಡಗಿದ.

ಪಾಸ್‌ವರ್ಡ್ ಬದಲಿಸಿ ಇನ್ನೊಬ್ಬರಿಗೆ ಹೇಳಿಕೊಡುವುದು ಎರಡು ನಿಮಿಷದ ಕೆಲಸ. ಡಾಕ್ಟರ ಅಪ್ಪಣೆ ಅಡ್ಡವಿತ್ತು, ನಿಜ. ಆದರೆ ಅದನ್ನು ಸಡಿಲಿಸಿ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ದಿನವಿಡೀ “ಆಯ್ತು ಸರ್” ಎನ್ನುವ ಅವಳಿಗೆ ಆ ಇಪ್ಪತ್ನಾಲ್ಕು ಅಕ್ಷರ ಕುಟ್ಟುವಾಗಲೇ ಎದೆ ಹಗುರಾಗುತ್ತಿತ್ತು. ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಏಳನೆಯ ವರ್ಷ ಅವಳ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅವಳ ತಮ್ಮ ನಸುಕಿನಲ್ಲೇ ಫೋನು ಮಾಡಿ, “ನಾಳೆ ಆಪರೇಷನ್ ಅಕ್ಕ. ಈ ಸಲನಾದ್ರೂ ಬಾ” ಎಂದ. ಅವಳು ಬೆಳಗಿನ ರೈಲು ಹತ್ತಿದಳು. ಎರಡು ಗಂಟೆ ಕಳೆದಿರಬೇಕು, ಲ್ಯಾಬಿನಿಂದ ಫೋನು. ಯಂತ್ರ ನಿಂತು ಮತ್ತೆ ಶುರುವಾಗಿತ್ತು. ಆಸ್ಪತ್ರೆಯಲ್ಲಿ ಒಬ್ಬ ಬಾಣಂತಿಗೆ ರಕ್ತ ಸುರಿಯುತ್ತಿದೆ. ಯಾವ ರಕ್ತ ಹೊಂದುತ್ತದೆಂಬ ವರದಿ ಇಲ್ಲೇ ಸಿಕ್ಕಿಕೊಂಡಿದೆ. ಬಾಯಿಮಾತಿನ ವರದಿ ನಂಬಿ ರಕ್ತ ಏರಿಸುವಂತಿಲ್ಲ. ಕಾಗದ ಕಳಿಸೋಣವೆಂದರೆ ಸೇತುವೆ ಮೇಲೆ ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿವೆ.

ರೈಲು ನಿಲ್ಲಲು ಇನ್ನೂ ನಲವತ್ತು ನಿಮಿಷ. ಇಳಿದರೂ ವಾಪಸು ಎರಡೂವರೆ ಗಂಟೆಯ ಮೇಲೆ.

“ಕೀಬೋರ್ಡ್ ಮುಂದೆ ನಾನೇ ಕೂತಿದೀನಿ,” ಎಂದರು ದೊಡ್ಡ ಡಾಕ್ಟರು. “ಹೇಳಿ, ಬೇಗ.”

ಎದುರು ಸೀಟಿನಲ್ಲಿ ಮೂವರು, ಪಕ್ಕದಲ್ಲಿ ಇಬ್ಬರು. ಬಾಗಿಲ ಹತ್ತಿರ ಹೋಗೋಣವೆಂದರೆ ನಡುದಾರಿಯ ತುಂಬ ಜನ.

“ಸರ್, ಬೇರೆ ಯಾರಾದ್ರೂ ಟೈಪ್ ಮಾಡ್ಲಿ ಸರ್.”

“ನಿಮ್ಮೊಬ್ಬರಿಗೇ ಗೊತ್ತಿರ್ಲಿ ಅಂದಿದ್ದೆ. ಇನ್ನೊಬ್ಬ ಅಂತಾದ್ರೆ ಅದು ನಾನೇ. ಹೇಳ್ರೀ!”

ಅವಳು ಕಣ್ಣು ಮುಚ್ಚಿ ಒಂದೊಂದೇ ಅಕ್ಷರ ಹೇಳಿದಳು. ಅವಸರದಲ್ಲಿ ಡಾಕ್ಟರು ಎಲ್ಲೋ ತಪ್ಪಿದರು. ಹೊಡೆದದ್ದು ಪರದೆಯ ಮೇಲೆ ಕಾಣುವುದಿಲ್ಲವಾದ್ದರಿಂದ ಎಲ್ಲಿ ಎಂದು ತಿಳಿಯಲಿಲ್ಲ.

“ಹೀಗಾಗಲ್ಲ. ಅದೇನು ಅಂತ ಮಾತಲ್ಲೇ ಹೇಳಿ.”

“ದೊಡ್ಡ ಡಾಕ್ಟರಿಗೆ,” ಎಂದಳು. ಉಸಿರು ತೆಗೆದುಕೊಂಡಳು. “ಬುದ್ಧಿ ಇಲ್ಲ. ಸರ್.”

ಎದುರಿನವರ ಪೈಕಿ ಒಬ್ಬರು ಪತ್ರಿಕೆ ಕೆಳಗಿಳಿಸಿದರು. ಡಾಕ್ಟರು ಕೇಳಿದರು:

“ದೊಡ್ಡಕ್ಕೆ ಡಿ ಎಷ್ಟು?”

“ಒಟ್ಟು ಮೂರು ಸರ್.”

“ಬುದ್ಧಿಗೆ?”

“ಎರಡು. ಆಮೇಲೆ ಎಚ್.”

ಕೀಲಿಮಣೆ ಕಟಕಟ ಎಂದಿತು. “ಹೋಯ್ತು,” ಎಂದು ಅವರು ಫೋನಿಟ್ಟರು.

ಬಾಣಂತಿ ಉಳಿದಳೆಂದು ಸಂಜೆ ಲ್ಯಾಬಿನ ಹುಡುಗಿ ಸಂದೇಶ ಕಳಿಸಿದಳು. ಮರುದಿನ ಅಮ್ಮನ ಆಪರೇಷನ್ನೂ ಆಯಿತು. ಮೂರು ದಿನ ಅಕ್ಕ ಹಾಸಿಗೆ ಪಕ್ಕ ಕೂತು ಮನಸ್ಸಿನಲ್ಲೇ ರಾಜೀನಾಮೆ ಬರೆದಳು, ಹರಿದಳು. ಹಿಂತಿರುಗಿದಾಗ ಡಾಕ್ಟರು ತಲೆಯೆತ್ತದೆ, “ಪಾಸ್‌ವರ್ಡ್ ಬದಲಾಯಿಸಿ. ಇಬ್ಬರಿಗೆ ಹೇಳಿಕೊಡಿ,” ಎಂದಷ್ಟೇ ಹೇಳಿದರು. ಮತ್ತೆಂದೂ ಅವರು ಅವಳ ಬಾಗಿಲಲ್ಲಿ ನಿಲ್ಲಲಿಲ್ಲ. ಹೇಳುವುದೆಲ್ಲ ಚೀಟಿಯಲ್ಲಿ ಬರುತ್ತಿತ್ತು.

ಹೊಸ ಪಾಸ್‌ವರ್ಡ್ ಅರ್ಥವಿಲ್ಲದ ಅಕ್ಷರಗಳ ರಾಶಿ. ಅದನ್ನು ಹೊಡೆಯುವಾಗ ಅಕ್ಕನಿಗೆ ಏನೂ ಅನ್ನಿಸುತ್ತಿರಲಿಲ್ಲ. ಮುಂದಿನ ತಿಂಗಳು ಹತ್ತು ದಿನ ರಜೆ ಹಾಕಿ ಅಮ್ಮನ ಬಳಿ ಹೋದಳು. ಅಮ್ಮ ಗೋಡೆ ಹಿಡಿದು ಹಜಾರದ ಉದ್ದಕ್ಕೂ ನಡೆದರು. “ಯಾವಾಗ ಹೊರಡ್ತೀಯ?” ಎಂದು ಅಭ್ಯಾಸಬಲದಿಂದ ಕೇಳಿದರು.

“ಭಾನುವಾರ ಅಮ್ಮ,” ಎಂದಳು ಅಕ್ಕ. “ಇವತ್ತು ಇನ್ನೂ ಮಂಗಳವಾರ.”