ಫ್ಲೆಕ್ಸಿನ ಮೇಲಿನ ಆರು ಲಕ್ಷ

ಮರಾಠಿ ಸೀಮೆಯ ಶಿವಾಜಿನಗರದಲ್ಲಿ ತಾನು ಓದಿದ ಖಾಸಗಿ ಕಾಲೇಜಿನ ಗೇಟಿಗೆ ತನ್ನದೇ ಫೋಟೋ ತೂಗುತ್ತಿದೆ ಎಂದು ಕೇತಕಿಗೆ ತಿಳಿದದ್ದು ಅಮ್ಮನಿಂದ. ಪೇಟೆಗೆ ಹೋಗಿದ್ದ ಗೋದಾ ಆ ಫ್ಲೆಕ್ಸ್ ಕಂಡು, ಮೊಬೈಲಿನಲ್ಲಿ ಹಿಡಿದು, ದೇಹೂ ರೋಡಿನ ಮನೆ ಮುಟ್ಟುವಷ್ಟರಲ್ಲಿ ಧಾರವಾಡದ ಬಳಗಕ್ಕೆಲ್ಲ ಕಳಿಸಿಬಿಟ್ಟಿದ್ದಳು. ಫೋಟೋದ ಕೆಳಗೆ ಬರೆದಿತ್ತು: ಬಿ.ಎಸ್ಸಿ. ಬಯೋಟೆಕ್ನಾಲಜಿ, ನಮ್ಮ ಹೆಮ್ಮೆ, ವಾರ್ಷಿಕ ಪ್ಯಾಕೇಜ್ ಆರು ಲಕ್ಷ.

"ಅಮ್ಮಾ, ತಿಂಗಳಿಗೆ ಇಪ್ಪತ್ಮೂರು ಸಾವಿರ ತರ್ತೀನಿ. ನಿನಗ ಗೊತ್ತದ."

"ಗೊತ್ತದ. ಹಾಕಿದವರು ನಾವಲ್ಲಲ್ಲ. ಓದೋರು ಓದ್ಲಿ, ನಿಂದೇನು ಹೋತು?"

ಕೇತಕಿಯ ಅಪ್ಪ ಮಧ್ವೇಶ ಮಿಲಿಟರಿ ಡಿಪೋದಲ್ಲಿ ಗುಮಾಸ್ತರಾಗಿದ್ದವರು. ಇಂಥದೇ ಒಂದು ಫ್ಲೆಕ್ಸ್ ನಂಬಿ ಪಿ.ಎಫ್. ಹಣ ಬಿಡಿಸಿ, ಮೂರು ವರ್ಷಕ್ಕೆ ಮೂರೂವರೆ ಲಕ್ಷ ಕಟ್ಟಿದ್ದರು. ಓದು ಮುಗಿದ ಮೇಲೆ ಕಾಲೇಜು ತೋರಿಸಿದ ಕೆಲಸವೆಂದರೆ ಫೋನಿನಲ್ಲಿ ಔಷಧಿ ಮಾರುವುದು. ಅದನ್ನು ಒಲ್ಲೆನೆಂದು ಕೇತಕಿ ತಾನೇ ಅಲೆದು, ತಳೇಗಾಂವದ ಒಂದು ಲ್ಯಾಬು ಸೇರಿದಳು. ಗಾಜಿನ ಬಾಟಲಿಗಳಲ್ಲಿ ಬಾಳೆ, ಆರ್ಕಿಡ್ ಸಸಿಗಳನ್ನು ಬೆಳೆಸುವ ಲ್ಯಾಬು. ಮೊದಲ ಪಗಾರ ಹದಿನಾಲ್ಕು ಸಾವಿರ. ನಾಲ್ಕು ವರ್ಷದಲ್ಲಿ ಇಪ್ಪತ್ಮೂರಕ್ಕೆ ಬಂದಿತ್ತು. ಬಂಧುಗಳು ಪಗಾರ ಎಷ್ಟೆಂದು ಕೇಳಿದಾಗಲೆಲ್ಲ ಗೋದಾ ಮಾತು ತೇಲಿಸುತ್ತಿದ್ದಳು. ಆರು ಲಕ್ಷವೆಂಬುದು ಅವಳಿಗೆ ಸಿಕ್ಕ ಮೊದಲ ಉತ್ತರ.

ಮರುದಿನ ಕೇತಕಿ ಕಾಲೇಜಿನ ಪ್ರವೇಶ ವಿಭಾಗದ ಶೀತಲ ಮೇಡಮ್ಮಿಗೆ ಫೋನು ಮಾಡಿ, ಆ ಅಂಕಿ ತನ್ನದಲ್ಲ ಎಂದಳು. ಅವರು ನಕ್ಕು ಮರಾಠಿಯಲ್ಲಿ ಹೇಳಿದರು, "ಎಲ್ಲ ಕಾಲೇಜಿನವರೂ ಹಾಕುತ್ತಾರೆ. ಭಾನುವಾರ ಹೊಸದಾಗಿ ಸೇರುವ ಮಕ್ಕಳ ಪಾಲಕರ ಸಭೆ ಇದೆ, ನೀನೇ ಬಂದು ನಾಲ್ಕು ಮಾತು ಹೇಳು. ಮಕ್ಕಳಿಗೆ ಹುರುಪು ಬರುತ್ತದೆ."

"ಬರುತ್ತೇನೆ," ಎಂದಳು ಕೇತಕಿ.

ಸಭಾಂಗಣ ತುಂಬಿತ್ತು. ಗೋದಾ ಇಳಕಲ್ ಸೀರೆಯುಟ್ಟು ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಕೇತಕಿ ಮೈಕು ಹಿಡಿದು, ಸುತ್ತಿ ಬಳಸದೆ ಮರಾಠಿಯಲ್ಲಿ ಹೇಳಿದಳು: ಹೊರಗಿರುವ ಮುಖ ನನ್ನದು, ಅಂಕಿ ನನ್ನದಲ್ಲ. ಕಟ್ಟಿದ್ದು ಇಷ್ಟು, ಗಳಿಸುವುದು ಇಷ್ಟು. ಈ ಕೆಲಸ ಕಾಲೇಜು ಕೊಡಿಸಿದ್ದಲ್ಲ. ನನ್ನ ಜೊತೆ ಓದಿದವರಲ್ಲಿ ಬಹಳ ಮಂದಿ ಇಂದು ಈ ವಿಷಯದಲ್ಲೇ ಇಲ್ಲ.

ಶೀತಲ ಮೇಡಂ ಎದ್ದು ಬಂದು ಮೈಕಿಗೆ ಕೈ ಚಾಚಿದರು. ಕೇತಕಿ ಕೊಡಲಿಲ್ಲ. "ಮುಖ ನನ್ನದು ಹಾಕಿದ್ದೀರಿ, ಮಾತೂ ನನ್ನದೇ ಇರಲಿ," ಎಂದಳು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಕೆಲವರು ಎದ್ದು ಹೋದರು. ಗೋದಾ ತಲೆ ಎತ್ತಲಿಲ್ಲ.

ಹೊರಗೆ ತಾಯಿಮಗಳು ಕನ್ನಡ ಮಾತಾಡುವುದು ಕೇಳಿ ಒಬ್ಬರು ಹತ್ತಿರ ಬಂದರು. ಅದೇ ರಸ್ತೆಯಲ್ಲಿ ಹೋಟೆಲು ನಡೆಸುವ ಕುಂದಾಪುರ ಕಡೆಯ ಸದಾನಂದ. ಜೊತೆಗೆ ಮಗಳು ಯಶ್ಮಿತಾ.

"ಬೇಜಾರು ಮಾಡ್ಕೊಳ್ಬೇಡಿ. ನಮ್ಮಲ್ಲಿ ದೋಸೆ ಹೊಯ್ಯುವವನಿಗೆ ನಾನು ಇದಕ್ಕಿಂತ ಜಾಸ್ತಿ ಕೊಡ್ತೇನೆ," ಎಂದರು ಅವರು.

"ಕೊಡಬೇಕ್ರಿ. ದಿನಾ ಕಾವಲಿ ಮುಂದ ನಿಲ್ಲೂದು ಸಣ್ಣ ಮಾತಲ್ಲ. ಆದ್ರ ನನಗ ಬೇಕಾಗಿದ್ದು ಈ ಕೆಲಸ."

"ಹಾಗಾದ್ರೆ ಇವಳನ್ನು ಸೇರಿಸ್ಲಿಕ್ಕೆ ಅಡ್ಡಿಲ್ಲವಾ?"

ಕೇತಕಿ ಯಶ್ಮಿತಾಳ ಕಡೆ ತಿರುಗಿದಳು. "ಸಾಲ ಮಾಡಿ ಇದನ್ನ ಓದಬ್ಯಾಡ. ಇದೇ ಡಿಗ್ರಿ ಸರ್ಕಾರದ ಕಾಲೇಜಿನ್ಯಾಗ ಭಾಳ ಕಡಿಮಿಗೆ ಆಗ್ತದ. ಮೂರು ವರ್ಷದ ಓದಿಗೇ ನಿಂತ್ರ ನನ್ನಷ್ಟ ಪಗಾರ, ಮುಂದ ಎಂ.ಎಸ್ಸಿ. ಮಾಡು. ಇಷ್ಟ ಗೊತ್ತಿದ್ದೂ ಬೇಕನಸ್ತದಂದ್ರ ಯಾರ ಮಾತೂ ಕೇಳಬ್ಯಾಡ, ಓದು."

"ನನಗೆ ಬೇಕು," ಎಂದಳು ಯಶ್ಮಿತಾ ಮೆಲ್ಲಗೆ. ಸದಾನಂದ ಮಗಳ ಮುಖ ನೋಡಿದರು. ಸರ್ಕಾರಿ ಕಾಲೇಜು ಯಾವ ಕಡೆ ಎಂದು ವಿಚಾರಿಸಿಕೊಂಡು ಹೋದರು.

ತಾಯಿಮಗಳು ಮನೆಗೆ ಲೋಕಲ್ ಟ್ರೇನು ಹಿಡಿದರು. ಪಿಂಪ್ರಿ ಸ್ಟೇಷನ್ ದಾಟಿದ ಮೇಲೆ ಗೋದಾ ಕೇಳಿದಳು, "ಅಷ್ಟು ಮಂದಿ ಮುಂದ ನಾಚಿಕಿ ಬರ್ಲಿಲ್ಲೇನು?"

"ಯಾಕ ಬರಬೇಕು? ನಾ ದುಡದದ್ದು ಅದು. ಕಡಿಮಿ ಅನಸಿದ್ರ ಕೊಡೋರಿಗೆ ನಾಚಿಕಿ ಬರಬೇಕು."

"ಹಂಗಾರ ಅವರನ್ನ ಕೇಳು, ನನ್ನ ಮ್ಯಾಲೆ ಯಾಕ ಹರಿಹಾಯ್ತಿ," ಎಂದು ಗೋದಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಅದು ಕೇತಕಿಯನ್ನು ಇಡೀ ವಾರ ಚುಚ್ಚಿತು. ಸಭೆಯಲ್ಲಿ ಹೇಳಲು ಅಂಜದವಳು ನಾಲ್ಕು ವರ್ಷದಲ್ಲಿ ಒಮ್ಮೆಯೂ ಲ್ಯಾಬಿನ ಮಾಲೀಕರ ಮುಂದೆ ಬಾಯಿಬಿಟ್ಟು ಪಗಾರ ಹೆಚ್ಚಿಸಿ ಎಂದು ಕೇಳಿರಲಿಲ್ಲ. ಕೊಟ್ಟಷ್ಟು ತೆಗೆದುಕೊಂಡಿದ್ದಳು.

ಶನಿವಾರ ಅವಳು ಮಾಲೀಕ ಅವಧೂತರ ಕೋಣೆಯ ಬಾಗಿಲು ತಟ್ಟಿದಳು. ಮೂವತ್ತೆರಡು ಸಾವಿರ ಬೇಕು ಎಂದಳು. ಅವರು ಮಾರುಕಟ್ಟೆ ಬಿದ್ದಿದೆ ಎಂದರು, ಹೊಸಬರು ಹದಿನೈದಕ್ಕೇ ಬರುತ್ತಾರೆ ಎಂದರು. ಹಾಗಾದರೆ ನನ್ನ ಕೆಲಸದ ಬೆಂಚಿಗೆ ಅವರನ್ನೇ ಕೂಡಿಸಿ ನೋಡಿರಿ ಎಂದು ಕೇತಕಿ ನಿಂತಲ್ಲೇ ನಿಂತಳು. ಕೊನೆಗೆ ಇಪ್ಪತ್ತೆಂಟಕ್ಕೆ ಒಪ್ಪಿದರು.

"ಖುಷಿ ಆಯಿತಲ್ಲ?" ಎಂದರು ಅವಧೂತರು.

"ಉಳಿದದ್ದಕ್ಕೆ ದೀಪಾವಳಿಗೆ ಮತ್ತೆ ಬರುತ್ತೇನೆ, ಸರ್," ಎಂದು ಹೇಳಿ ಕೇತಕಿ ಕೈ ತೊಳೆದು ಲ್ಯಾಬಿನೊಳಗೆ ಹೋದಳು.