ಬೆನ್ನು ನೋಡಿ ಹೆಸರು ಹೇಳಿದ ಅಪ್ಪ

ನಂಜನಗೂಡಿನಲ್ಲಿ ಕಪಿಲೆಯ ದಡದ ಹಳೆಯ ಭತ್ತದ ಗೋದಾಮು ಈಗ ಕಲಾ ಪ್ರದರ್ಶನದ ಜಾಗವಾಗಿದೆ. ಹಿಂದೆ ಅಲ್ಲೇ ಮೂಟೆ ಹೊರುತ್ತಿದ್ದ ಅಪ್ಪನನ್ನು ಮೊನ್ನೆ ಕರೆದುಕೊಂಡು ಹೋದೆ. ಗೋಡೆಯ ಮೇಲೊಂದು ಹಳೆಯ ಫೋಟೋ ಇತ್ತು. ತಲೆಯ ಮೇಲೆ ಮೂಟೆ ಹೊತ್ತ ಆರು ಜನ, ಹಿಂದಿನಿಂದ ತೆಗೆದದ್ದು. ಕೆಳಗೆ 'ಹೆಸರು ತಿಳಿಯದ ಹಮಾಲಿಗಳು' ಎಂದಿತ್ತು.

"ಮೂರನೇದು ನಾನೇ ಕಣವ್ವ," ಎಂದರು ಅಪ್ಪ, ಅಲ್ಲಿ ನೋಡಿಕೊಳ್ಳುತ್ತಿದ್ದ ಹುಡುಗಿಗೆ.

"ಬೆನ್ನು ನೋಡಿ ಹೇಗೆ ಗೊತ್ತಾಯ್ತು ತಾತ?"

"ಆ ಬನೀನಿಗೆ ತೇಪೆ ಆಕಿದ್ದು ನನ್ನೆಂಡ್ತಿ."

ಅವಳು ಪೆನ್ನು ತಂದಳು. ಅಪ್ಪ ಐದು ಹೆಸರು ಬರೆಸಿ ನಿಲ್ಲಿಸಿದರು.

"ಕೊನೆಯವರು?"

"ಅವ್ನು ಬ್ಯಾಡ. ಸೋಮಾರಿ. ಫೋಟೋ ತೆಗೆದ ದಿನ ಒಂದೇ ಮೂಟೆ ಒತ್ತಿದ್ದು."

ಅವಳು ಪೆನ್ನು ಮುಚ್ಚಿದಾಗ ಅಪ್ಪನ ಮನಸ್ಸು ತಡೆಯಲಿಲ್ಲ.

"ಬರ್ಕೊ ಅತ್ಲಾಗೆ. ಆ ಒಂದು ಮೂಟೆನೂ ನಾನೇ ಅವನ ತಲೆಗೇರಿಸಿದ್ದೆ."